ಬೆಕ್ಕಾರಿಯಾ ಇವತ್ತಿಗೂ ಯಾಕೆ ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಶಿಕ್ಷೆ, ಜೈಲು, ಗಲ್ಲು ಇವುಗಳ ಬಗ್ಗೆ ಎಲ್ಲೇ ಮಾತಾಡಲಿ, ಚೆಸಾರೆ ಬೆಕ್ಕಾರಿಯಾನ ಹೆಸರು ನನ್ನ ಬಾಯಲ್ಲಿ ಬಂದೇ ಬರುತ್ತದೆ. ಮಾತು ಮುಗಿದ ಮೇಲೆ ಕಾನೂನು ಓದುವ ಹುಡುಗರು, ಮೇಷ್ಟ್ರುಗಳು, ವಕೀಲರು, ಒಮ್ಮೊಮ್ಮೆ ಪೊಲೀಸ್ ಇಲಾಖೆಯವರೂ ಹತ್ತಿರ ಬಂದು ಕೇಳುತ್ತಾರೆ. ಕೆಲವರು ಪತ್ರ ಬರೆಯುತ್ತಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿಟ್ಟು ಉತ್ತರ ಬರೆದಿದ್ದೇನೆ.

## ಮೊದಲು ಪರಿಚಯ

ಯಾರು ಸಾರ್ ಈ ಬೆಕ್ಕಾರಿಯಾ? ವೋಲ್ಟೇರ್, ರೂಸೋ ಗೊತ್ತು. ಇವನ ಹೆಸರೇ ಕೇಳಿಲ್ಲ.

ಇಟಲಿಯ ಮಿಲಾನ್ ನಗರದವನು. ಹುಟ್ಟಿದ್ದು 1738ರಲ್ಲಿ, ತೀರಿಕೊಂಡದ್ದು 1794ರಲ್ಲಿ. ಸಿರಿವಂತ ಮನೆತನ. ಪಾವಿಯಾದಲ್ಲಿ ಕಾನೂನು ಓದಿದ. ಅಪ್ಪನ ವಿರೋಧ ಕಟ್ಟಿಕೊಂಡು ತೆರೇಸಾ ಎಂಬ ಹುಡುಗಿಯನ್ನು ಮದುವೆಯಾದ. 26ನೇ ವಯಸ್ಸಿನಲ್ಲಿ, ಅಂದರೆ 1764ರಲ್ಲಿ, ‘ಅಪರಾಧ ಮತ್ತು ಶಿಕ್ಷೆಗಳ ಬಗ್ಗೆ’ ಎಂಬ ಒಂದು ಚಿಕ್ಕ ಪುಸ್ತಕ ಬರೆದ. ಮಿಲಾನಿನಲ್ಲಿ ಅಚ್ಚು ಹಾಕಿಸಲು ಭಯವಿತ್ತು. ಲಿವೋರ್ನೋ ಎಂಬ ಬಂದರು ಊರಿನಲ್ಲಿ, ಲೇಖಕನ ಹೆಸರಿಲ್ಲದೆ ಅದು ಹೊರಬಂತು.

ಎರಡೇ ವರ್ಷದಲ್ಲಿ ಪ್ಯಾರಿಸ್‌ನಲ್ಲಿ ಫ್ರೆಂಚ್ ಅನುವಾದ ಓದುತ್ತಿದ್ದರು. ಅದರ ಮೇಲೆ ವೋಲ್ಟೇರ್ ಒಂದು ವ್ಯಾಖ್ಯಾನವನ್ನೇ ಬರೆದ. ರಷ್ಯಾದ ರಾಣಿ ಕ್ಯಾಥರೀನ್ ತನ್ನ ಹೊಸ ಕಾನೂನಿನ ಕರಡಿಗೆ ಅದರಿಂದ ಎಷ್ಟೋ ಭಾಗ ಎತ್ತಿಕೊಂಡಳು. ಮುಂದೆ ಇಷ್ಟು ಹೆಸರು ಮಾಡಿದ ಪುಸ್ತಕ ಅವನು ಇನ್ನೊಂದು ಬರೆಯಲಿಲ್ಲ. ಮಿಲಾನಿನಲ್ಲೇ ಅರ್ಥಶಾಸ್ತ್ರ ಪಾಠ ಹೇಳಿದ. ಸರ್ಕಾರಿ ಕೆಲಸ ಹಿಡಿದು ತೂಕ, ಅಳತೆ, ಧಾನ್ಯ, ನಾಣ್ಯದ ವ್ಯವಹಾರ ನೋಡಿಕೊಂಡ. ನಮಗೆ ಅವನ ಹೆಸರು ಅಷ್ಟಾಗಿ ಗೊತ್ತಿಲ್ಲದಿರಬಹುದು. ಅವನ ವಾದಗಳು ಮಾತ್ರ ದಿನಾ ನಮ್ಮ ಕೋರ್ಟುಗಳಲ್ಲಿ ಓಡಾಡುತ್ತಿವೆ.

26 ವರ್ಷದ ಹುಡುಗನಿಗೆ ಇಷ್ಟೆಲ್ಲ ಹೇಗೆ ಹೊಳೀತು?

ಒಬ್ಬನಿಗೇ ಹೊಳೆದದ್ದಲ್ಲ. ಮಿಲಾನಿನಲ್ಲಿ ಪಿಯೆತ್ರೋ ವೆರ್ರಿ, ಅಲೆಸ್ಸಾಂಡ್ರೋ ವೆರ್ರಿ ಎಂಬ ಅಣ್ಣತಮ್ಮಂದಿರಿದ್ದರು. ಅವರ ಸುತ್ತ ಗೆಳೆಯರ ಒಂದು ಗುಂಪು. ತಮ್ಮ ಕೂಟಕ್ಕೆ ‘ಮುಷ್ಟಿಗಳ ಅಕಾಡೆಮಿ’ ಎಂದು ಹೆಸರಿಟ್ಟುಕೊಂಡಿದ್ದರು. ‘ಇಲ್ ಕಫೆ’ ಎಂಬ ಪತ್ರಿಕೆ ತರುತ್ತಿದ್ದರು. ಅಲೆಸ್ಸಾಂಡ್ರೋಗೆ ಕೈದಿಗಳ ಅಹವಾಲು ನೋಡುವ ಅಧಿಕೃತ ಹೊಣೆ ಇತ್ತು. ಜೈಲಿನೊಳಗೆ ಏನು ನಡೆಯುತ್ತದೆಂದು ಕಣ್ಣಾರೆ ಕಂಡವನು ಅವನು. ಬರೆಯಲು ಒತ್ತಾಯ ಮಾಡಿದವನು ಪಿಯೆತ್ರೋ. ಕೂತು ಬರೆದವನು ಬೆಕ್ಕಾರಿಯಾ.

ಆಗಿನ ಯುರೋಪು ಹೇಗಿತ್ತೆಂದರೆ, 1757ರಲ್ಲಿ ಪ್ಯಾರಿಸ್‌ನಲ್ಲಿ ರಾಜನಿಗೆ ಚಿಕ್ಕ ಚಾಕುವಿನಿಂದ ಇರಿದ ದಾಮಿಯೆನ್ ಎಂಬವನನ್ನು ಜನರೆದುರು ಕುದುರೆಗಳಿಗೆ ಕಟ್ಟಿ ಸೀಳಿಸಿದರು. 1762ರಲ್ಲಿ ತುಲೂಸ್‌ನಲ್ಲಿ ಜಾನ್ ಕಲಾಸ್ ಎಂಬ ಬಟ್ಟೆ ವ್ಯಾಪಾರಿಯನ್ನು, ಮಗನನ್ನು ಕೊಂದನೆಂದು ಹೇಳಿ ಚಕ್ರಕ್ಕೆ ಕಟ್ಟಿ ಎಲುಬು ಮುರಿದು ಸಾಯಿಸಿದರು. ಮೂರು ವರ್ಷದ ಮೇಲೆ ಆತ ನಿರಪರಾಧಿ ಎಂದು ಘೋಷಿಸಿದರು. ಬೆಕ್ಕಾರಿಯಾ ಬರೆಯಲು ಕೂತದ್ದು ಕಲಾಸ್‌ನ ಸಾವಿಗೂ ಈ ಘೋಷಣೆಗೂ ನಡುವೆ.

ಸುತ್ತಿ ಬಳಸಿ ಬೇಡ. ಅವನ ವಾದ ಏನು, ಚಿಕ್ಕದಾಗಿ ಹೇಳಿ.

ಶಿಕ್ಷೆ ಇರುವುದು ಸೇಡಿಗಲ್ಲ, ಮುಂದೆ ಅಂಥದ್ದೇ ಅಪರಾಧ ಆಗದಂತೆ ತಡೆಯಲು. ತಡೆಯಲು ಎಷ್ಟು ಬೇಕೋ ಅಷ್ಟೇ ಶಿಕ್ಷೆ ನ್ಯಾಯ. ಅದಕ್ಕಿಂತ ಒಂದು ಕೂದಲೆಳೆ ಜಾಸ್ತಿಯಾದರೂ ಅದು ದಬ್ಬಾಳಿಕೆ. ತಪ್ಪು ಮಾಡಿದವನು ಸಿಕ್ಕೇ ಸಿಗುತ್ತಾನೆ, ಬೇಗ ಸಿಗುತ್ತಾನೆ ಎನ್ನುವುದು ಖಚಿತವಾದರೆ ಸಾಧಾರಣ ಶಿಕ್ಷೆಯೂ ಕೆಲಸ ಮಾಡುತ್ತದೆ. ಅದು ಖಚಿತವಿಲ್ಲದಿದ್ದರೆ ಎಷ್ಟು ಘೋರ ಶಿಕ್ಷೆ ಇಟ್ಟರೂ ವ್ಯರ್ಥ. ಉಳಿದದ್ದೆಲ್ಲ ಇದರಿಂದಲೇ ಹುಟ್ಟುತ್ತದೆ.

## ಬಾಯಿ ಬಿಡಿಸುವ ಬಗ್ಗೆ

ನಾಲ್ಕು ಬಿಟ್ರೆ ತಾನೇ ಕಳ್ಳ ಬಾಯಿ ಬಿಡೋದು? ಸುಮ್ನೆ ಕೇಳಿದ್ರೆ ಯಾರು ಒಪ್ಕೊಳ್ತಾರೆ?

ನನಗೆ ಅತಿ ಹೆಚ್ಚು ಸಲ ಬಂದಿರುವ ಪ್ರಶ್ನೆ ಇದೇ. ಕೇಳುವವರು ಕೆಟ್ಟವರೇನಲ್ಲ. ಮನೆ ಕಳ್ಳತನವಾಗಿ ನೊಂದವರು ಇರುತ್ತಾರೆ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬೆಕ್ಕಾರಿಯಾನ ಕಾಲದಲ್ಲಿ ಹೊಡೆದು ಬಾಯಿ ಬಿಡಿಸುವುದು ಕದ್ದು ಮುಚ್ಚಿ ಮಾಡುವ ಕೆಲಸ ಆಗಿರಲಿಲ್ಲ. ಕಾನೂನೇ ಅದಕ್ಕೆ ಒಪ್ಪಿಗೆ ಕೊಟ್ಟಿತ್ತು. ಕೈ ಹಿಂದೆ ಕಟ್ಟಿ, ಹಗ್ಗದಿಂದ ಮೇಲಕ್ಕೆಳೆದು, ತಟ್ಟನೆ ಕೆಳಗೆ ಬಿಡುತ್ತಿದ್ದರು. ಗುಮಾಸ್ತ ಪಕ್ಕದಲ್ಲಿ ಕೂತು ಚೀರಾಟವನ್ನೂ ಬರೆದುಕೊಳ್ಳುತ್ತಿದ್ದ. ಬೆಕ್ಕಾರಿಯಾ ಕೇಳಿದ: ಇವನು ಅಪರಾಧ ಮಾಡಿದ್ದು ಖಚಿತವೋ, ಅಲ್ಲವೋ? ಖಚಿತವಾಗಿದ್ದರೆ ಒಪ್ಪಿಗೆ ಯಾಕೆ ಬೇಕು, ಕಾನೂನು ಹೇಳಿದ ಶಿಕ್ಷೆ ಕೊಡಿ. ಖಚಿತವಿಲ್ಲದಿದ್ದರೆ ನೀವು ಹಿಂಸಿಸುತ್ತಿರುವುದು ಕಾನೂನಿನ ಕಣ್ಣಲ್ಲಿ ಇನ್ನೂ ನಿರಪರಾಧಿಯಾಗಿರುವ ಒಬ್ಬ ಮನುಷ್ಯನನ್ನು.

ಅಲ್ಲಿಗೇ ನಿಲ್ಲಲಿಲ್ಲ. ಹಿಂಸೆಯಿಂದ ತಿಳಿಯುವುದು ಮೈಯ ಕಸುವು, ಸತ್ಯವಲ್ಲ. ಗಟ್ಟಿ ಆಸಾಮಿ ಹಲ್ಲು ಕಚ್ಚಿ ತಡೆದುಕೊಂಡು ಬಿಡುಗಡೆಯಾಗುತ್ತಾನೆ. ಬಡಕಲು ಮನುಷ್ಯ ಮಾಡದ್ದನ್ನೂ ಮಾಡಿದೆನೆನ್ನುತ್ತಾನೆ. ಹಾಗಾದರೆ ಈ ಕೆಲಸ ನ್ಯಾಯಾಧೀಶರಿಗಿಂತ ಗಣಿತದವರಿಗೆ ಕೊಡುವುದೇ ಮೇಲು ಎಂದು ಬರೆದ: ನಿರಪರಾಧಿಯೊಬ್ಬನ ಸ್ನಾಯುಗಳ ಬಲ ಇಷ್ಟು, ನರಗಳ ಸೂಕ್ಷ್ಮ ಇಷ್ಟು ಎಂದು ಕೊಟ್ಟರೆ, ಎಷ್ಟು ನೋವಿಗೆ ಇವನು ತಪ್ಪೊಪ್ಪಿಕೊಳ್ಳುತ್ತಾನೆ, ಲೆಕ್ಕ ಹಾಕಿ ಹೇಳಿ. ಇನ್ನೊಂದು ಮಾತೂ ಇದೆ. ಉತ್ತರವನ್ನು ಬಾಯಿಗೆ ತುರುಕುವಂಥ ಪ್ರಶ್ನೆ ಕೇಳಬಾರದು ಅನ್ನುತ್ತದೆ ಕಾನೂನು. ನೋವಿಗಿಂತ ಜಾಸ್ತಿ ಉತ್ತರ ತುರುಕುವ ಪ್ರಶ್ನೆ ಯಾವುದಿದೆ?

ಅವನ ಊರಿನಲ್ಲೇ ನಡೆದ ಒಂದು ಪ್ರಕರಣ ಹೇಳಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. 1630, ಮಿಲಾನಿನಲ್ಲಿ ಪ್ಲೇಗು. ಜೂನ್ ತಿಂಗಳ ಮಳೆಯ ಬೆಳಗ್ಗೆ ಒಬ್ಬ ಹೆಂಗಸು ಕಿಟಕಿಯಿಂದ ನೋಡುತ್ತಾಳೆ. ಕೆಳಗೆ ಒಬ್ಬ ಗೋಡೆಗೆ ಒತ್ತಿಕೊಂಡು ನಡೆಯುತ್ತಿದ್ದಾನೆ, ಕೈ ಗೋಡೆಗೆ ತಾಗುತ್ತಿದೆ. ಗೋಡೆಗೆ ವಿಷ ಬಳಿಯುತ್ತಿದ್ದಾನೆ, ಪ್ಲೇಗು ಹರಡುವುದು ಇವನೇ ಎಂದು ಸುದ್ದಿಯಾಯಿತು. ಅವನ ಹೆಸರು ಗುಲ್ಯೆಲ್ಮೋ ಪಿಯಾತ್ಸಾ, ಆರೋಗ್ಯ ಇಲಾಖೆಯ ನೌಕರ. ಹಿಂಸಿಸಿದರು, ಅವನು ಒಪ್ಪಲಿಲ್ಲ. ನಿಜ ಹೇಳಿದರೆ ಕ್ಷಮೆ ಕೊಡುತ್ತೇವೆ ಎಂದರು. ಆಗ ಅವನ ಬಾಯಿಂದ ಒಂದು ಹೆಸರು ಬಂತು: ಕ್ಷೌರಿಕ ಜಾನ್ ಜಾಕೊಮೋ ಮೋರಾ.

ಮೋರಾನ ಮನೆಗೆ ಹೋದರು. ಅಂಗಳದಲ್ಲಿ ಒಂದು ಹಂಡೆ, ತಳದಲ್ಲಿ ಬಿಳಿ ಹಳದಿ ಲೋಳೆ. ಅದು ಬಟ್ಟೆ ಒಗೆಯುವ ಬೂದಿನೀರು ಎಂದರು ಮನೆಯವರು. ಬಟ್ಟೆ ಒಗೆಯುವ ಹೆಂಗಸರನ್ನು ಕರೆಸಿ ತಜ್ಞರೆಂದು ಸಾಕ್ಷಿ ಹೇಳಿಸಿದರು. ಇದರಲ್ಲಿ ಏನೋ ಕುತಂತ್ರವಿದೆ ಎಂದರು ಅವರು. ಮೋರಾನನ್ನು ಹಗ್ಗಕ್ಕೆ ಹಾಕಿದರು. ನಾನು ಏನು ಹೇಳಬೇಕು ಹೇಳಿ, ಅದನ್ನೇ ಹೇಳುತ್ತೇನೆ ಎಂದ ಅವನು. ಹೇಳಿದ. ಮರುದಿನ, ನೋವು ತಾಳದೆ ಹೇಳಿದೆ, ಅದೆಲ್ಲ ಸುಳ್ಳು ಎಂದ. ಮತ್ತೆ ಹಗ್ಗ ತೋರಿಸಿದರು. ಮತ್ತೆ ಒಪ್ಪಿಕೊಂಡ. ಆಗಸ್ಟ್ 1ರಂದು ಇಬ್ಬರನ್ನೂ ಕಾದ ಇಕ್ಕಳದಿಂದ ಸುಟ್ಟು, ಬಲಗೈ ಕಡಿದು, ಚಕ್ರಕ್ಕೆ ಕಟ್ಟಿ ಕೊಂದರು. ಮೋರಾನ ಮನೆ ಕೆಡವಿ ಆ ಜಾಗದಲ್ಲಿ ‘ಅಪಕೀರ್ತಿಯ ಕಂಬ’ ನಿಲ್ಲಿಸಿದರು. ಬೆಕ್ಕಾರಿಯಾ ಹುಟ್ಟಿ ಬೆಳೆಯುವಾಗಲೂ ಆ ಕಂಬ ಊರಿನಲ್ಲಿ ನಿಂತಿತ್ತು. ಕೆಡವಿದ್ದು 1778ರಲ್ಲಿ. ಗೆಳೆಯ ಪಿಯೆತ್ರೋ ವೆರ್ರಿ ಈ ಪ್ರಕರಣದ ಕಡತ ಹಿಡಿದೇ ಚಿತ್ರಹಿಂಸೆಯ ವಿರುದ್ಧ ಬರೆದ. ಮುಂದೆ ಬೆಕ್ಕಾರಿಯಾನ ಮಗಳ ಮಗ, ಕಾದಂಬರಿಕಾರ ಅಲೆಸ್ಸಾಂಡ್ರೋ ಮಾಂಜೋನಿ, ಇದರ ಮೇಲೆ ಒಂದು ಪುಸ್ತಕವನ್ನೇ ಬರೆದ.

ನಾಲ್ಕು ಬಿಟ್ಟರೆ ಬಾಯಿ ಬಿಡುತ್ತಾರೆ, ನಿಜ. ಮೋರಾ ಕೂಡ ಬಿಟ್ಟ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷಿಯಾಗಿ ಒಪ್ಪಬಾರದು ಎಂಬ ನಿಯಮ ನಮ್ಮ ಸಾಕ್ಷ್ಯ ಕಾನೂನಿನಲ್ಲಿ ಬ್ರಿಟಿಷರ ಕಾಲದಿಂದಲೂ ಇದೆ. ಇದೇ ಅನುಮಾನದಿಂದ ಬಂದ ನಿಯಮ ಅದು.

ಹೊಡೆಯೋದು ಬೇಡ, ಒಪ್ಪಿದೆ. ನಾರ್ಕೋ ಟೆಸ್ಟ್ ಮಾಡಿದ್ರೆ ಏನು ತಪ್ಪು? ನೋವೂ ಇಲ್ಲ, ನಿಜನೂ ಬರುತ್ತೆ.

ಒಂದು ಕಾಲದಲ್ಲಿ ಬೆಂಗಳೂರು ಈ ಪರೀಕ್ಷೆಗೆ ದೇಶದಲ್ಲೇ ಹೆಸರಾಗಿತ್ತು. ಇಂಜೆಕ್ಷನ್ ಕೊಟ್ಟು ಮಂಪರಿನಲ್ಲಿ ಮಾತಾಡಿಸಿದ ವಿಡಿಯೋಗಳನ್ನು ಟಿವಿಯಲ್ಲಿ ಹಾಕುತ್ತಿದ್ದರು, ನೆನಪಿರಬಹುದು. 2010ರ ಮೇ ತಿಂಗಳಲ್ಲಿ ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆರೋಪಿಯ ಒಪ್ಪಿಗೆ ಇಲ್ಲದೆ ನಾರ್ಕೋ, ಬ್ರೈನ್ ಮ್ಯಾಪಿಂಗ್, ಸುಳ್ಳು ಪತ್ತೆ ಪರೀಕ್ಷೆ ಮಾಡುವಂತಿಲ್ಲ ಎಂದಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತ ಮಾಡಬಾರದು ಎನ್ನುತ್ತದೆ ಸಂವಿಧಾನದ 20(3)ನೇ ವಿಧಿ.

ಬೆಕ್ಕಾರಿಯಾನಿಗೆ ಇಂಜೆಕ್ಷನ್ ಗೊತ್ತಿರಲಿಲ್ಲ. ಅವನ ಪ್ರಶ್ನೆ ಮಾತ್ರ ಇಲ್ಲೂ ನಿಲ್ಲುತ್ತದೆ. ಮನುಷ್ಯನ ಮನಸ್ಸನ್ನು ಅವನ ಹಿಡಿತದಿಂದ ತಪ್ಪಿಸಿ ಮಾತು ಹೊರಡಿಸಿದರೆ ಅದನ್ನು ಸತ್ಯ ಎಂದು ನಂಬಲು ಏನು ಆಧಾರ? ಮಂಪರಿನಲ್ಲಿ ಕನಸೂ ಬರುತ್ತದೆ, ಕೇಳಿದವನು ಹೇಳಿಕೊಟ್ಟದ್ದೂ ಬರುತ್ತದೆ.

## ಶಿಕ್ಷೆ ಎಷ್ಟಿರಬೇಕು

ಕಠಿಣ ಶಿಕ್ಷೆ ಇದ್ರೆ ತಾನೇ ಭಯ ಇರೋದು? ಗಲ್ಫ್ ದೇಶಗಳನ್ನ ನೋಡಿ ಅಂತಾರೆ ಎಲ್ರೂ.

ಕಳ್ಳತನಕ್ಕೆ ಹೊರಟವನು ‘ಸಿಕ್ಕಿಬಿದ್ದರೆ ಎಷ್ಟು ವರ್ಷ’ ಎಂದು ಲೆಕ್ಕ ಹಾಕುತ್ತಾನಾ? ‘ನಾನು ಸಿಗಲ್ಲ ಬಿಡು’ ಎಂದೇ ಹೊರಡುತ್ತಾನೆ. ಆ ಧೈರ್ಯ ಒಡೆದರೆ ಅಪರಾಧ ನಿಲ್ಲುತ್ತದೆ ಎಂದ ಬೆಕ್ಕಾರಿಯಾ. ಈಗಿನ ಅಪರಾಧಶಾಸ್ತ್ರದ ಸಂಶೋಧನೆ ಹೆಚ್ಚಾಗಿ ಅವನ ಕಡೆಗೇ ಇದೆ: ಸಿಕ್ಕಿಬೀಳುವ ಸಾಧ್ಯತೆ ಹೆಚ್ಚಾದರೆ ಪರಿಣಾಮ ಕಾಣುತ್ತದೆ, ಶಿಕ್ಷೆಯ ವರ್ಷ ಹೆಚ್ಚಿಸಿದರೆ ಅಷ್ಟು ಕಾಣುವುದಿಲ್ಲ. ಗಲ್ಫ್ ಉದಾಹರಣೆ ಕೊಡುವವರು ಅಲ್ಲಿನ ಗಟ್ಟಿ ಪೊಲೀಸ್ ಕಾವಲು, ಕೆಲಸಕ್ಕೆ ಹೋದವನ ವೀಸಾ ಮಾಲೀಕನ ಕೈಯಲ್ಲಿರುವುದು ಇವನ್ನೆಲ್ಲ ಬಿಟ್ಟು ಶಿಕ್ಷೆಯನ್ನು ಮಾತ್ರ ನೋಡುತ್ತಾರೆ.

ವಿಪರೀತ ಶಿಕ್ಷೆಗೆ ಇನ್ನೊಂದು ಕೆಡುಕಿದೆ. ಅದನ್ನು ಕೊಡಲು ಮನಸ್ಸೇ ಬರುವುದಿಲ್ಲ. ಇಂಗ್ಲೆಂಡಿನಲ್ಲಿ 19ನೇ ಶತಮಾನದ ಶುರುವಿನ ಹೊತ್ತಿಗೆ 200ಕ್ಕೂ ಹೆಚ್ಚು ಅಪರಾಧಗಳಿಗೆ ಗಲ್ಲು ಇತ್ತು. ಮನೆಯಿಂದ 40 ಶಿಲ್ಲಿಂಗ್ ಬೆಲೆಯ ವಸ್ತು ಕದ್ದರೂ ಗಲ್ಲೇ. ಜ್ಯೂರಿಯವರು ಏನು ಮಾಡುತ್ತಿದ್ದರು ಗೊತ್ತಾ? ಕದ್ದ ವಸ್ತುವಿನ ಬೆಲೆ 39 ಶಿಲ್ಲಿಂಗ್ ಎಂದು ಬರೆದುಬಿಡುತ್ತಿದ್ದರು. ಶಿಕ್ಷೆ ಕ್ರೂರವಾದಷ್ಟೂ ತಪ್ಪಿಸಿಕೊಳ್ಳುವ ದಾರಿಗಳು ಹೆಚ್ಚಾಗುತ್ತವೆ ಎಂದು ಬೆಕ್ಕಾರಿಯಾ ಹೇಳಿದ್ದು ಇದನ್ನೇ. ಸಣ್ಣ ತಪ್ಪಿಗೂ ದೊಡ್ಡ ತಪ್ಪಿಗೂ ಒಂದೇ ಶಿಕ್ಷೆ ಇಟ್ಟರೆ ಜನ ದೊಡ್ಡದನ್ನೇ ಮಾಡುತ್ತಾರೆ ಎಂಬ ಎಚ್ಚರಿಕೆಯೂ ಅವನದೇ. ಅತ್ಯಾಚಾರಕ್ಕೂ ಕೊಲೆಗೂ ಒಂದೇ ಶಿಕ್ಷೆಯಾದರೆ, ಸಾಕ್ಷಿ ಹೇಳಬಲ್ಲ ಹುಡುಗಿಯನ್ನು ಅವನು ಬದುಕಲು ಬಿಡುತ್ತಾನಾ? ಕಾನೂನು ಬಿಗಿ ಮಾಡುವಾಗ ನಾವು ಕೇಳಿಕೊಳ್ಳಲೇಬೇಕಾದ ಪ್ರಶ್ನೆ ಇದು.

ಕೇಸು ಹತ್ತು ವರ್ಷ ಎಳೆಯುತ್ತೆ. ಅದಕ್ಕೇ ಎನ್‌ಕೌಂಟರ್ ಆದಾಗ ಜನ ಪಟಾಕಿ ಹೊಡೀತಾರೆ. ಅವರ ಸಿಟ್ಟು ತಪ್ಪಾ?

ಸಿಟ್ಟು ತಪ್ಪಲ್ಲ. ವಿಳಂಬ ಅನ್ಯಾಯ ಎಂದು ಬೆಕ್ಕಾರಿಯಾನೂ ಹೇಳಿದ್ದಾನೆ. ಅಪರಾಧಕ್ಕೂ ಶಿಕ್ಷೆಗೂ ನಡುವಿನ ಸಮಯ ಕಡಿಮೆಯಾದಷ್ಟೂ ಜನರ ಮನಸ್ಸಿನಲ್ಲಿ ಎರಡೂ ಒಂದಕ್ಕೊಂದು ಗಂಟು ಬೀಳುತ್ತವೆ ಎಂದ. ವಿಚಾರಣೆಗೆ ಮೊದಲಿನ ಸೆರೆ ಆದಷ್ಟು ಚಿಕ್ಕದಿರಬೇಕು, ಆದಷ್ಟು ಕಷ್ಟವಿಲ್ಲದ್ದಾಗಿರಬೇಕು ಎಂದ. ನಮ್ಮ ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನರು, ಅಂದರೆ ತಪ್ಪು ಮಾಡಿದರೆಂದು ಇನ್ನೂ ತೀರ್ಮಾನವಾಗದವರು. ಅವರಲ್ಲಿ ಬಹುಪಾಲು ಬಡವರು. ಜಾಮೀನಿಗೆ ಒಬ್ಬ ಶ್ಯೂರಿಟಿ ಸಿಗದೆ ಒಳಗೇ ಉಳಿದವರೂ ಇದ್ದಾರೆ.

ಎನ್‌ಕೌಂಟರ್ ಈ ಕಾಯಿಲೆಗೆ ಮದ್ದಲ್ಲ. 2019ರ ಡಿಸೆಂಬರ್ 6ರಂದು ಹೈದರಾಬಾದ್ ಹತ್ತಿರ ಅತ್ಯಾಚಾರ ಮತ್ತು ಕೊಲೆ ಪ್ರಕರಣದ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದರು. ಜನ ಪೊಲೀಸರ ಮೇಲೆ ಹೂವು ಸುರಿದರು. ಸುಪ್ರೀಂ ಕೋರ್ಟ್ ನೇಮಿಸಿದ ಆಯೋಗದ ವರದಿ 2022ರಲ್ಲಿ ಹೊರಬಂತು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಿದ್ದಾರೆ ಎಂದಿತು ಅದು. ನಾಲ್ವರಲ್ಲಿ ಮೂವರು ಆಗ ಅಪ್ರಾಪ್ತರು ಎಂದೂ ಹೇಳಿತು. ಆ ಹೆಣ್ಣುಮಗಳಿಗೆ ಅನ್ಯಾಯ ಮಾಡಿದವರು ಇವರೇ ಹೌದೋ ಅಲ್ಲವೋ ಎಂಬುದು ಯಾವ ಕೋರ್ಟಿನಲ್ಲೂ ಸಾಬೀತಾಗಲಿಲ್ಲ, ಇನ್ನು ಆಗುವುದೂ ಇಲ್ಲ. ನನಗೆ ನೋವಾಗುವುದು ಇಲ್ಲೇ. ಸಿಟ್ಟು ತಣಿಯಿತು, ತನಿಖೆ ಚುರುಕಾಗಲಿಲ್ಲ, ಕೋರ್ಟಿಗೆ ಒಬ್ಬ ನ್ಯಾಯಾಧೀಶರೂ ಹೆಚ್ಚಾಗಲಿಲ್ಲ.

ನಿಮ್ಮ ಮನೆ ಹೆಣ್ಣುಮಗಳಿಗೇ ಹಾಗಾಗಿದ್ರೆ ಗಲ್ಲು ಬೇಡ ಅಂತೀರಾ?

ನನ್ನ ಮನೆಯಲ್ಲಿ ಹಾಗಾದರೆ ನನ್ನ ಕೈಯಿಂದಲೇ ಕೊಲ್ಲಬೇಕು ಅನ್ನಿಸಬಹುದು. ಅದಕ್ಕೇ ತೀರ್ಪು ನನ್ನ ಕೈಯಲ್ಲಿ ಇರಬಾರದು. ನೊಂದವರ ಸಂಕಟಕ್ಕೆ ಬೆಲೆ ಇದೆ. ಅದನ್ನು ಕಾನೂನಿನ ಅಳತೆಗೋಲು ಮಾಡಿಕೊಂಡರೆ ಬಲವಿದ್ದವನ ಸಂಕಟಕ್ಕೆ ದೊಡ್ಡ ಶಿಕ್ಷೆ, ಬಲವಿಲ್ಲದವನ ಸಂಕಟಕ್ಕೆ ಸಣ್ಣ ಶಿಕ್ಷೆ ಆಗುತ್ತದೆ.

ಬೆಕ್ಕಾರಿಯಾ ಮರಣದಂಡನೆಯನ್ನು ವಿರೋಧಿಸಿದ್ದು ಕನಿಕರದಿಂದ ಮಾತ್ರ ಅಲ್ಲ, ಲೆಕ್ಕಾಚಾರದಿಂದ. ಗಲ್ಲು ನೋಡಿದವನ ಮನಸ್ಸಿನಲ್ಲಿ ಆ ದೃಶ್ಯ ಕ್ಷಣಕಾಲ ಗಟ್ಟಿಯಾಗಿ ನಿಂತು ಮರೆತುಹೋಗುತ್ತದೆ. ಸ್ವಾತಂತ್ರ್ಯ ಕಳೆದುಕೊಂಡು ವರ್ಷಗಟ್ಟಲೆ ದುಡಿಯುವವನನ್ನು ಕಂಡರೆ ಆ ಪಾಠ ದಿನಾ ಮನಸ್ಸಿಗೆ ನಾಟುತ್ತದೆ. ಅವನ ಇನ್ನೊಂದು ಮಾತು ನನ್ನನ್ನು ಯಾವಾಗಲೂ ಹಿಡಿದು ನಿಲ್ಲಿಸುತ್ತದೆ: ಕೊಲೆಯನ್ನು ದ್ವೇಷಿಸುವ ಕಾನೂನು, ಕೊಲ್ಲಬೇಡಿ ಎಂದು ಜನರಿಗೆ ಹೇಳಲು ತಾನೇ ಎಲ್ಲರೆದುರು ಕೊಲ್ಲುತ್ತದೆ.

ಅವನು ಎರಡು ವಿನಾಯಿತಿ ಇಟ್ಟಿದ್ದ ಎಂಬುದನ್ನೂ ಹೇಳಬೇಕು. ಸೆರೆಯಲ್ಲಿದ್ದರೂ ದೇಶದ ಭದ್ರತೆಗೇ ಅಪಾಯ ತರಬಲ್ಲ ಬಲಾಢ್ಯನ ವಿಷಯದಲ್ಲಿ ಸಾವು ಬೇಕಾಗಬಹುದು ಎಂದ. ಅವನ ಸಾವೊಂದೇ ಉಳಿದವರನ್ನು ತಡೆಯುವ ದಾರಿಯಾಗಿದ್ದರೂ ಬೇಕಾಗಬಹುದು ಎಂದ. ಆಮೇಲೆ, ಇತಿಹಾಸ ನೋಡಿದರೆ ಎರಡನೆಯದು ನಿಜವಲ್ಲ ಎಂದು ತಾನೇ ವಾದಿಸಿದ. ನಮ್ಮ ಕಾನೂನು ಆಯೋಗ 2015ರಲ್ಲಿ ತನ್ನ 262ನೇ ವರದಿಯಲ್ಲಿ, ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧದ ಪ್ರಕರಣ ಬಿಟ್ಟು ಉಳಿದೆಲ್ಲಕ್ಕೂ ಗಲ್ಲು ರದ್ದು ಮಾಡಿ ಎಂದಿತು. ಬೆಕ್ಕಾರಿಯಾ ಗೆರೆ ಎಳೆದ ಜಾಗಕ್ಕೆ ಎಷ್ಟು ಹತ್ತಿರ, ಅಲ್ವಾ? ಆ ಶಿಫಾರಸು ಜಾರಿಗೆ ಬರಲಿಲ್ಲ. 1980ರ ಬಚನ್ ಸಿಂಗ್ ತೀರ್ಪಿನ ‘ಅಪರೂಪದಲ್ಲಿ ಅಪರೂಪ’ ಎಂಬ ಅಳತೆಯೇ ಇವತ್ತಿಗೂ ನಡೆಯುತ್ತಿದೆ.

ಅವನ ಮಾತು ಕೇಳಿ ಯಾರಾದ್ರೂ ನಿಜವಾಗ್ಲೂ ಗಲ್ಲು ನಿಲ್ಲಿಸಿದ್ರಾ?

ನಿಲ್ಲಿಸಿದರು. ಇಟಲಿಯ ಟಸ್ಕನಿ ಪ್ರಾಂತ್ಯದ ದೊರೆ ಪಿಯೆತ್ರೋ ಲಿಯೊಪೋಲ್ಡೋ 1786ರ ನವೆಂಬರ್ 30ರಂದು ಹೊಸ ದಂಡಸಂಹಿತೆ ತಂದ. ಮರಣದಂಡನೆ ರದ್ದು, ಚಿತ್ರಹಿಂಸೆಯೂ ರದ್ದು. ಮುಂದಿನ ವರ್ಷ ಅವನ ಅಣ್ಣ, ಆಸ್ಟ್ರಿಯಾದ ಎರಡನೇ ಜೋಸೆಫ್, ಸಾಮಾನ್ಯ ಅಪರಾಧಗಳಿಗೆ ಗಲ್ಲು ತೆಗೆದ. ಟಸ್ಕನಿಯಲ್ಲಿ ಕೆಲವೇ ವರ್ಷಗಳಲ್ಲಿ ಕೆಲವು ಅಪರಾಧಗಳಿಗೆ ಗಲ್ಲು ಮರಳಿ ಬಂತು. ಆದರೂ ನವೆಂಬರ್ 30 ಈಗಲೂ ಟಸ್ಕನಿಯ ಹಬ್ಬದ ದಿನ. ಇಟಲಿ 1889ರಲ್ಲಿ ರದ್ದು ಮಾಡಿತು, ಫ್ಯಾಸಿಸ್ಟರು ಮತ್ತೆ ತಂದರು, 1948ರ ಸಂವಿಧಾನ ಮತ್ತೆ ತೆಗೆಯಿತು. ಫ್ರಾನ್ಸ್ 1981ರವರೆಗೆ ಕಾಯಿತು. ಇವತ್ತು ಜಗತ್ತಿನ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ದೇಶಗಳಲ್ಲಿ ಕಾನೂನಿನಲ್ಲೋ ಆಚರಣೆಯಲ್ಲೋ ಗಲ್ಲು ಇಲ್ಲ.

## ಕಾನೂನು ಯಾರಿಗೆ ಅರ್ಥವಾಗಬೇಕು

ಕೋರ್ಟಿನಲ್ಲಿ ಕನ್ನಡ ಬೇಕು ಅನ್ನೋ ಮಾತಿಗೂ ಈ ಇಟಲಿಯವನಿಗೂ ಏನು ಸಂಬಂಧ?

ನೇರ ಸಂಬಂಧ ಇದೆ. ಅವನ ಕಾಲದ ಕಾನೂನು ಎಂದರೆ 12 ಶತಮಾನ ಹಿಂದೆ ಕಾನ್‌ಸ್ಟಾಂಟಿನೋಪಲಿನಲ್ಲಿ ಆಳಿದ ರಾಜ ಒಟ್ಟುಹಾಕಿಸಿದ ರೋಮನ್ ನಿಯಮಗಳು, ಅದಕ್ಕೆ ಬೆರೆತ ಲೊಂಬಾರ್ಡ್ ಪದ್ಧತಿಗಳು, ಮೇಲೆ ಪಂಡಿತರ ದಪ್ಪ ದಪ್ಪ ವ್ಯಾಖ್ಯಾನಗಳು. ಎಲ್ಲ ಲ್ಯಾಟಿನಿನಲ್ಲಿ. ಜನರಿಗೆ ಗೊತ್ತಿಲ್ಲದ ಭಾಷೆಯಲ್ಲಿ ಕಾನೂನಿದ್ದರೆ ಅವರು ಕೆಲವೇ ಜನರ ಕೈಗೆ ಸಿಕ್ಕಿಬೀಳುತ್ತಾರೆ, ತಮ್ಮ ಸ್ವಾತಂತ್ರ್ಯಕ್ಕೆ ಏನಾಗುತ್ತದೆಂದು ತಾವೇ ತಿಳಿದುಕೊಳ್ಳಲಾರರು ಎಂದು ಬರೆದ. ಕಾನೂನು ಪುಸ್ತಕ ಎಲ್ಲರ ಕೈಯಲ್ಲಿದ್ದಷ್ಟೂ ಅಪರಾಧ ಕಡಿಮೆಯಾಗುತ್ತದೆ ಎಂದು ನಂಬಿದ್ದ. ಅಚ್ಚಿನ ಯಂತ್ರವನ್ನು ಅವನು ಹೊಗಳಿದ್ದು ಇದಕ್ಕೇ.

ಯಾವುದೇ ತಾಲ್ಲೂಕು ಕೋರ್ಟಿನ ಜಗಲಿಗೆ ಹೋಗಿ ನೋಡಿ. ಮಗನ ಜಾಮೀನಿಗೆ ಬಂದ ತಾಯಿ ಹೈಕೋರ್ಟಿನ ಆರ್ಡರ್ ಕಾಪಿ ಕೈಯಲ್ಲಿ ಹಿಡಿದು ನಿಂತಿರುತ್ತಾಳೆ. ಅದರಲ್ಲಿ ಏನಿದೆ ಎಂದು ವಕೀಲರ ಗುಮಾಸ್ತ ಬಿಡುವಾಗಿ ಹೇಳುವವರೆಗೆ ಅವಳಿಗೆ ಗೊತ್ತಾಗುವುದಿಲ್ಲ. ಮಗ ಯಾವ ವಾರ ಠಾಣೆಗೆ ಹೋಗಿ ಸಹಿ ಹಾಕಬೇಕು ಎಂಬುದೂ ಅದರೊಳಗೇ ಇರುತ್ತದೆ. ಕೆಳಗಿನ ಕೋರ್ಟುಗಳಲ್ಲಿ ಕನ್ನಡ ನಡೆಯುತ್ತದೆ. ಹೈಕೋರ್ಟು, ಸುಪ್ರೀಂ ಕೋರ್ಟಿನ ಭಾಷೆ ಸಂವಿಧಾನದ 348ನೇ ವಿಧಿಯಂತೆ ಇಂಗ್ಲಿಷ್. ತೀರ್ಪುಗಳ ಕನ್ನಡ ಅನುವಾದ ಈಚೆಗೆ ಶುರುವಾಗಿದೆ, ಸಂತೋಷ. ಆ ತಾಯಿಗೆ ಬೇಕಾದದ್ದು ಮಾತ್ರ ಹಳೇ ದೊಡ್ಡ ತೀರ್ಪಲ್ಲ, ತನ್ನ ಕೈಯಲ್ಲಿರುವ ಎರಡು ಪುಟ.

ಪಾಪ ಬೇರೆ, ಅಪರಾಧ ಬೇರೆ ಅಂದನಂತೆ. ಧರ್ಮದವರು ಸುಮ್ನಿದ್ರಾ?

ಸುಮ್ಮನಿರಲಿಲ್ಲ. ಪಾಪದ ತೂಕ ದೇವರಿಗೆ ಬಿಟ್ಟದ್ದು, ಅಪರಾಧದ ತೂಕ ಸಮಾಜಕ್ಕೆ ಆದ ಹಾನಿಯಿಂದ ಅಳೆಯಬೇಕು ಎಂದ ಬೆಕ್ಕಾರಿಯಾ. ಫಕಿನೇಯಿ ಎಂಬ ಸನ್ಯಾಸಿ 1765ರಲ್ಲೇ ಅವನ ವಿರುದ್ಧ ಪುಸ್ತಕ ಬರೆದ. 1766ರಲ್ಲಿ ರೋಮಿನ ಚರ್ಚು ಇವನ ಪುಸ್ತಕವನ್ನು ನಿಷೇಧದ ಪಟ್ಟಿಗೆ ಸೇರಿಸಿತು.

ಇದರ ಫಲ ಒಂದು ಕಡೆ ಚೆನ್ನಾಗಿ ಕಾಣುತ್ತದೆ. ಆತ್ಮಹತ್ಯೆ ಮಾಡಿಕೊಂಡವನನ್ನು ಶಿಕ್ಷಿಸಿದರೆ ಆ ಶಿಕ್ಷೆ ತಣ್ಣಗಿನ ಹೆಣದ ಮೇಲೋ, ತಪ್ಪೇ ಮಾಡದ ಮನೆಯವರ ಮೇಲೋ ಬೀಳುತ್ತದೆ ಎಂದ ಅವನು. ನಮ್ಮಲ್ಲಿ ಬದುಕುಳಿದವನ ಮೇಲೆ ಕೇಸು ಹಾಕುವ 309ನೇ ಕಲಂ ಭಾರತೀಯ ದಂಡಸಂಹಿತೆಯಲ್ಲಿ 1860ರಿಂದ ಇತ್ತು. ಆಸ್ಪತ್ರೆಯ ಮಂಚದ ಪಕ್ಕ ಪೊಲೀಸರು ನಿಲ್ಲುತ್ತಿದ್ದರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಅದರ ಹಲ್ಲು ಕಿತ್ತಿತು. 2024ರ ಜುಲೈಯಲ್ಲಿ ಅದರ ಬದಲಿಗೆ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಂ ಇಲ್ಲ. ಸರ್ಕಾರಿ ನೌಕರನನ್ನು ಬಗ್ಗಿಸಲು ಮಾಡುವ ಯತ್ನ ಮಾತ್ರ ಅಪರಾಧವಾಗಿ ಉಳಿದಿದೆ.

## ಇನ್ನೂ ಆಳಕ್ಕೆ

ಕಾಂಟ್‌ನಂಥ ದೊಡ್ಡ ತತ್ವಜ್ಞಾನಿ ಇವನನ್ನ ಒಪ್ಪಲಿಲ್ಲವಲ್ಲ?

ಒಪ್ಪಲಿಲ್ಲ. ಮನುಷ್ಯರು ಒಟ್ಟಾಗಿ ಬಾಳಲು ತಮ್ಮ ಸ್ವಾತಂತ್ರ್ಯದ ಆದಷ್ಟು ಚಿಕ್ಕ ಪಾಲನ್ನು ಮಾತ್ರ ಬಿಟ್ಟುಕೊಟ್ಟರು, ಅದರಲ್ಲಿ ತನ್ನನ್ನು ಕೊಲ್ಲುವ ಹಕ್ಕನ್ನು ಯಾರು ತಾನೇ ಕೊಟ್ಟಾರು ಎಂದು ಬೆಕ್ಕಾರಿಯಾ ಕೇಳಿದ್ದ. ಕಾಂಟ್ 1797ರಲ್ಲಿ ಉತ್ತರ ಕೊಟ್ಟ: ಯಾರೂ ಶಿಕ್ಷೆಯನ್ನು ಬಯಸಿ ಶಿಕ್ಷೆಗೆ ಒಳಗಾಗುವುದಿಲ್ಲ, ಶಿಕ್ಷೆಗೆ ತಕ್ಕ ಕೆಲಸವನ್ನು ಬಯಸಿ ಮಾಡಿದ್ದರಿಂದ ಒಳಗಾಗುತ್ತಾರೆ. ಬೆಕ್ಕಾರಿಯಾನದು ಸೋಗಿನ ಮಾನವೀಯತೆ, ಬರೀ ಭಾವುಕತೆ ಎಂದೂ ಬರೆದ.

ಕಾಂಟ್‌ನ ಮಾತಿನಲ್ಲಿ ಸತ್ವವಿದೆ. ಒಬ್ಬನನ್ನು ಶಿಕ್ಷಿಸುವುದು ಉಳಿದವರಿಗೆ ಪಾಠವಾಗಲಿ ಎಂದು ಮಾತ್ರವಾದರೆ, ನಿರಪರಾಧಿಯನ್ನು ಶಿಕ್ಷಿಸಿಯೂ ಪಾಠ ಕಲಿಸಬಹುದಲ್ಲ? ನಿರಪರಾಧಿಯನ್ನು ಮುಟ್ಟಬಾರದು ಎಂಬ ಬೇಲಿ ಬೆಕ್ಕಾರಿಯಾನ ಲೆಕ್ಕಾಚಾರಕ್ಕೆ ಬೇಕೇ ಬೇಕು. ಅಷ್ಟಾದರೂ ನಾನು ಬೆಕ್ಕಾರಿಯಾನ ಕಡೆಗೇ ನಿಲ್ಲುತ್ತೇನೆ. ಕಾಂಟ್ ಬರೆಯುವಾಗ ಎದುರಿಗಿರುವವನು ಕೊಲೆ ಮಾಡಿದ್ದಾನೆ ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಬೆಕ್ಕಾರಿಯಾ ಬರೆಯುವಾಗ ಎದುರಿಗಿರುವವನು ಒಬ್ಬ ಆರೋಪಿ, ಕೈಯಲ್ಲಿರುವುದು ಒಬ್ಬ ಗುಮಾಸ್ತ ಬರೆದುಕೊಂಡ ಹೇಳಿಕೆ. ನಮ್ಮ ಕೋರ್ಟುಗಳಿರುವುದು ಈ ಎರಡನೇ ಲೋಕದಲ್ಲಿ. 1792ರಲ್ಲಿ ಮಿಲಾನಿನ ಕಾನೂನು ಸುಧಾರಣಾ ಸಮಿತಿಯಲ್ಲಿದ್ದಾಗ ಬೆಕ್ಕಾರಿಯಾ ಇದನ್ನೇ ಸ್ಪಷ್ಟವಾಗಿ ಬರೆದ: ತಪ್ಪಾದರೆ ಗಲ್ಲನ್ನು ಸರಿಪಡಿಸಲಾಗುವುದಿಲ್ಲ.

ಗಲ್ಲಿನ ಬದಲು ಜೀವಮಾನವಿಡೀ ಗುಲಾಮಗಿರಿ ಅಂದವನು ಮಾನವೀಯ ಹೇಗೆ ಆಗ್ತಾನೆ?

ಈ ಟೀಕೆ ಸರಿ. ಜೀವನಪರ್ಯಂತ ಕಠಿಣ ದುಡಿಮೆಯನ್ನು ಅವನು ‘ಗುಲಾಮಗಿರಿ’ ಎಂದೇ ಕರೆದ. ಅದು ಗಲ್ಲಿಗಿಂತ ಜಾಸ್ತಿ ಹೆದರಿಕೆ ಹುಟ್ಟಿಸುತ್ತದೆ, ಅದಕ್ಕೇ ಮೇಲು ಎಂದ. ಕೈದಿ ಸುಧಾರಿಸಿ ಮನೆಗೆ ಮರಳಬೇಕು ಎಂಬ ಯೋಚನೆ ಅವನಲ್ಲಿ ತೀರಾ ತೆಳು. ಇಲ್ಲಿ ಅವನನ್ನು ದಾಟಿ ಹೋಗಬೇಕು.

ನಮ್ಮ ಬೆಳಗಾವಿಯ ಹಿಂಡಲಗಾ ಜೈಲಿನ ಪ್ರಕರಣ ನೋಡಿ. ಗಲ್ಲು ಶಿಕ್ಷೆಯಾದ ಒಬ್ಬನನ್ನು ಅಲ್ಲಿ ಸುಮಾರು 10 ವರ್ಷ ಒಂಟಿ ಸೆರೆಯಲ್ಲಿ ಇಟ್ಟಿದ್ದರು. ಕಾನೂನಿನಲ್ಲಿ ಅದಕ್ಕೆ ಅವಕಾಶವಿಲ್ಲ ಎಂದ ಸುಪ್ರೀಂ ಕೋರ್ಟ್ 2022ರಲ್ಲಿ ಅವನ ಗಲ್ಲನ್ನು ಕನಿಷ್ಠ 30 ವರ್ಷದ ಜೀವಾವಧಿಗೆ ಇಳಿಸಿತು. ಅವನ ಅಪರಾಧಗಳು ಘೋರ, ಅದರಲ್ಲಿ ಎರಡು ಮಾತಿಲ್ಲ. ಆದರೂ ಯಾವ ತೀರ್ಪೂ ಹೇಳದ ಶಿಕ್ಷೆಯೊಂದನ್ನು ಗೋಡೆಯ ಹಿಂದೆ ಕೊಟ್ಟಿದ್ದರು. ಕಾನೂನು ಹೇಳಿದಷ್ಟೇ ಶಿಕ್ಷೆ, ಒಂದು ದಿನವೂ ಹೆಚ್ಚಿಲ್ಲ ಎಂಬ ಬೆಕ್ಕಾರಿಯಾನ ತತ್ವವನ್ನು ಅವನೇ ಹೇಳಿದ ‘ಗುಲಾಮಗಿರಿ’ಯ ವಿರುದ್ಧ ಹಿಡಿಯಬಹುದು ಎಂಬುದಕ್ಕೆ ಈ ತೀರ್ಪನ್ನು ಉದಾಹರಣೆಯಾಗಿ ಕೊಡುತ್ತೇನೆ.

ಅಮೆರಿಕದವರು ಬಂದೂಕಿನ ಹಕ್ಕಿಗೆ ಇವನ ಹೆಸರು ಹೇಳ್ತಾರಂತೆ, ನಿಜನಾ?

ನಿಜ. ಆಯುಧ ಹಿಡಿಯಬಾರದೆಂಬ ಕಾನೂನು ಅಪರಾಧ ಮಾಡುವ ಮನಸ್ಸಿಲ್ಲದವರ ಕೈಯಿಂದ ಮಾತ್ರ ಆಯುಧ ಕಿತ್ತುಕೊಳ್ಳುತ್ತದೆ ಎಂದು ಒಂದು ಕಡೆ ಬರೆದಿದ್ದಾನೆ. ಮುಂದೆ ಅಮೆರಿಕದ ಅಧ್ಯಕ್ಷನಾದ ಜೆಫರ್ಸನ್ ಆ ಭಾಗವನ್ನು ತನ್ನ ಟಿಪ್ಪಣಿ ಪುಸ್ತಕಕ್ಕೆ ಇಳಿಸಿಕೊಂಡಿದ್ದ. ಅದು 18ನೇ ಶತಮಾನದ ಕತ್ತಿ, ಪಿಸ್ತೂಲಿನ ಮಾತು. ಅದನ್ನು ಇಂದಿನ ಬಂದೂಕಿಗೆ ಹಾಗೇ ಅಂಟಿಸುವುದು ನನಗೆ ಸರಿ ಕಾಣುವುದಿಲ್ಲ. ಅಮೆರಿಕದಲ್ಲಿ ಅವನ ಒಳ್ಳೆಯ ಬಳಕೆ ನೋಡಬೇಕೆಂದರೆ 1770ರ ಬಾಸ್ಟನ್‌ಗೆ ಹೋಗಬೇಕು. ಜನರ ಮೇಲೆ ಗುಂಡು ಹಾರಿಸಿದ ಬ್ರಿಟಿಷ್ ಸೈನಿಕರ ಪರ ವಕಾಲತ್ತು ವಹಿಸಿದ ಜಾನ್ ಆಡಮ್ಸ್, ಇವನೂ ಮುಂದೆ ಅಧ್ಯಕ್ಷನಾದವನೇ, ಕೋರ್ಟಿನಲ್ಲಿ ಬೆಕ್ಕಾರಿಯಾನ ಮಾತಿನಿಂದಲೇ ವಾದ ಶುರು ಮಾಡಿದ. ಊರಿಗೆ ಊರೇ ತನ್ನ ಮೇಲೆ ಸಿಟ್ಟಾಗಿದ್ದಾಗ.

ಹಸಿವಿಗೆ ಕದ್ದವನ ಬಗ್ಗೆ ಏನಂತಾನೆ?

ಕಳ್ಳತನ ಸಾಮಾನ್ಯವಾಗಿ ಬಡತನ ಮತ್ತು ಹತಾಶೆಯ ಅಪರಾಧ ಎನ್ನುತ್ತಾನೆ. ಆಸ್ತಿಯ ಹಕ್ಕು ಭಯಂಕರವಾದ, ಬಹುಶಃ ಅಗತ್ಯವೇ ಇಲ್ಲದ ಹಕ್ಕು ಎಂಬ ಮಾತು ಅಲ್ಲೇ ಬರುತ್ತದೆ. ಸಿರಿವಂತ ಮನೆಯ ಮಗ ಇದನ್ನು ಬರೆದಿದ್ದಾನೆ ಎಂಬುದನ್ನು ಮರೆಯಬೇಡಿ. ಇರುವುದನ್ನೂ ಕಳೆದುಕೊಂಡವನಿಗೆ ದಂಡ ಹಾಕಿದರೆ ಅವನ ಮನೆಯವರ ಬಾಯಿಯ ಅನ್ನವೂ ಹೋಗುತ್ತದೆ ಎಂದು ಎಚ್ಚರಿಸಿದ. ಅಪರಾಧ ತಡೆಯುವ ಅತಿ ಖಚಿತ ದಾರಿ ಶಿಕ್ಷಣ, ಅತಿ ಕಷ್ಟದ ದಾರಿಯೂ ಅದೇ ಎಂದು ಕೊನೆಯ ಭಾಗದಲ್ಲಿ ಒಪ್ಪಿಕೊಂಡಿದ್ದಾನೆ.

ಓದಬೇಕು ಅನ್ನಿಸಿದೆ. ಎಲ್ಲಿಂದ ಶುರು ಮಾಡಲಿ?

ಪುಸ್ತಕ ಚಿಕ್ಕದು, ಅಧ್ಯಾಯಗಳು 47. ಕೆಲವು ಅಧ್ಯಾಯ ಒಂದೇ ಪುಟ. ಚಿತ್ರಹಿಂಸೆಯ 16ನೇ ಅಧ್ಯಾಯದಿಂದ ಶುರು ಮಾಡಿ. ಆಮೇಲೆ ಶಿಕ್ಷೆ ಬೇಗ ಆಗಬೇಕೆನ್ನುವ 19, ಮೃದು ಶಿಕ್ಷೆಯ 27, ಮರಣದಂಡನೆಯ 28. ಅದಾದ ಮೇಲೆ ಹಿಂದಕ್ಕೆ ಬಂದು ಕಾನೂನಿನ ಭಾಷೆಯ ಬಗೆಗಿನ 5 ಓದಿ. ಒಂದು ಎಚ್ಚರಿಕೆ: ಫ್ರೆಂಚಿಗೆ ತಂದ ಮೊರೆಲ್ಲೆ ಅಧ್ಯಾಯಗಳನ್ನು ತನಗೆ ಬೇಕಾದಂತೆ ಹಿಂದೆ ಮುಂದೆ ಮಾಡಿದ್ದ. ಆ ಕ್ರಮ ಹಿಡಿದ ಪ್ರತಿಗಳಲ್ಲಿ ಸಂಖ್ಯೆ ಬೇರೆ ಇರುತ್ತದೆ. ಆಗ ಅಧ್ಯಾಯದ ಹೆಸರು ನೋಡಿ ಹುಡುಕಿ. ನ್ಯಾಯಾಧೀಶರು ಕಾನೂನನ್ನು ವ್ಯಾಖ್ಯಾನಿಸಲೇಬಾರದು ಎನ್ನುವ 4ನೇ ಅಧ್ಯಾಯ ಇವತ್ತು ವಿಚಿತ್ರ ಅನ್ನಿಸಬಹುದು. ನ್ಯಾಯಾಧೀಶರ ಮೂಡಿನ ಮೇಲೆ ಜನರ ತಲೆ ಉರುಳುತ್ತಿದ್ದ ಕಾಲದಲ್ಲಿ ಬರೆದದ್ದು ಎಂದುಕೊಂಡು ಓದಿದರೆ ಅವನ ಆತಂಕ ಅರ್ಥವಾಗುತ್ತದೆ.